ಗೈಡ್ ಹುಡುಕುವ ಮೊದಲು ಶೋಧಗಂಗಾ ನೋಡಿ

ನಾನು ಶಿವಮೊಗ್ಗದಲ್ಲಿ ಮೆಕ್ಯಾನಿಕಲ್ ಪಾಠ ಮಾಡುತ್ತೇನೆ. ಊರು ತೀರ್ಥಹಳ್ಳಿ ಕಡೆ. ಪ್ರತಿ ವರ್ಷ ಅಡಿಕೆ ಸುಲಿದ ಸಿಪ್ಪೆ ರಸ್ತೆ ಬದಿಗೆ ರಾಶಿ ಬೀಳುತ್ತದೆ, ಮಳೆಗಾಲದಲ್ಲಿ ಅಲ್ಲೇ ಕೊಳೆಯುತ್ತದೆ. "ಇಷ್ಟು ಓದಿದೀಯಲ್ಲ, ಇದಕ್ಕೊಂದು ದಾರಿ ಮಾಡೇ" ಎಂದು ಅಣ್ಣ ಹೇಳಿದ. ಸಿಪ್ಪೆಯ ನಾರಿಗೆ ಅಂಟಿನಂಥ ರಾಳ ಸೇರಿಸಿ ಕಾಂಪೋಸಿಟ್ ಹಲಗೆ ಮಾಡುವುದೇ ನನ್ನ ಪಿಎಚ್‌ಡಿ ವಿಷಯ ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ.

ಎಡವಿದ್ದು ಗೈಡ್, ಅಂದರೆ ಪಿಎಚ್‌ಡಿಗೆ ಮಾರ್ಗದರ್ಶನ ಮಾಡುವ ಅಧ್ಯಾಪಕರ ವಿಷಯದಲ್ಲಿ. ಯಾರೋ ಹೇಳಿದರೆಂದು ಒಬ್ಬರ ಹತ್ತಿರ ಎಂಟು ತಿಂಗಳು ಓಡಾಡಿದೆ. ಕೊನೆಗೆ ನೋಡಿದರೆ ಅವರ ಕೆಲಸವೆಲ್ಲ ಎಂಜಿನ್ ಇಂಧನದ ಮೇಲೆ. ನಾರು ಬಿಡು, ಬಯೋಡೀಸೆಲ್ ಮಾಡು ಎಂದರು. ಆ ಎಂಟು ತಿಂಗಳು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆಮೇಲೆ ಶೋಧಗಂಗಾ ಹಿಡಿದು ಕೂತೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ತಾಣ ಇದು. ದೇಶದ ವಿಶ್ವವಿದ್ಯಾಲಯಗಳ ಲಕ್ಷಗಟ್ಟಲೆ ಪಿಎಚ್‌ಡಿ ಪ್ರಬಂಧ ಅಲ್ಲಿವೆ. ದುಡ್ಡು ಕೊಡಬೇಕಿಲ್ಲ. ಹೆಚ್ಚಿನವರು ಹಳೆಯ ಸಂಶೋಧನೆ ಓದಲು ಮಾತ್ರ ಅಲ್ಲಿಗೆ ಹೋಗುತ್ತಾರೆ. ನನಗೆ ಜಾಸ್ತಿ ಉಪಯೋಗವಾಗಿದ್ದು ಗೈಡ್ ಹೆಸರು ಹಾಕಿ ಹುಡುಕಿದಾಗ. ಅವರ ಕೈಕೆಳಗೆ ಯಾರು ಏನು ಮಾಡಿದ್ದಾರೆ ಎಂಬುದು ಸಾಲಾಗಿ ಸಿಗುತ್ತದೆ. ಹೆಸರಿನ ಇನಿಶಿಯಲ್ ಹಿಂದೆ ಮುಂದೆ ಇರಬಹುದು, ಎರಡು ಮೂರು ತರಹ ಬರೆದು ನೋಡಬೇಕು.

ಪ್ರಬಂಧ ಸಿಕ್ಕಿತು ಅಂದರೆ ಮೊದಲು ಕೃತಜ್ಞತೆಯ ಪುಟ ಓದಿ. ಎಳೆದು ಬಲ ನೋಡುವ ಟೆನ್ಸೈಲ್ ಟೆಸ್ಟ್ ಯಾವ ಲ್ಯಾಬ್‌ನಲ್ಲಿ ಆಯಿತು, ಮೈಕ್ರೋಸ್ಕೋಪ್ ಯಾರು ಕೊಟ್ಟರು, ಎಲ್ಲ ಅಲ್ಲಿರುತ್ತದೆ. ನಮ್ಮಂಥ ಊರಿನಲ್ಲಿ ಕೂತು ಸಂಶೋಧನೆ ಮಾಡುವವರಿಗೆ ಇದು ಚಿನ್ನದಂಥ ಮಾಹಿತಿ, ಅಲ್ವಾ? ಆಮೇಲೆ ಪ್ರಯೋಗದ ಅಧ್ಯಾಯ. ನಾರನ್ನು ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ನೆನೆಸಿದರೆ ಮೇಲಿನ ಮೇಣ, ಜಿಗುಟು ಹೋಗಿ ರಾಳ ಚೆನ್ನಾಗಿ ಹಿಡಿಯುತ್ತದೆ ಎಂದು ನನಗೆ ಸರಿಯಾಗಿ ತಿಳಿದದ್ದು ಹೀಗೆ ಓದಿಯೇ.

ಅಧ್ಯಾಯಗಳು ಬೇರೆ ಬೇರೆ ಫೈಲ್ ಆಗಿರುವುದರಿಂದ ಬೇಕಾದ್ದಷ್ಟೇ ಇಳಿಸಿಕೊಳ್ಳಬಹುದು. ಶನಿವಾರ ಬಸ್ ಹತ್ತುವ ಮೊದಲು ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಮನೆಯಲ್ಲೂ ಓದು ಸಾಗುತ್ತದೆ. ಸ್ಕ್ಯಾನ್ ಮಾಡಿದ ಹಳೆಯ ಪ್ರತಿಗಳಲ್ಲಿ ಮಾತ್ರ ಪದ ಹುಡುಕಲು ಆಗುವುದಿಲ್ಲ, ಪುಟ ತಿರುವಲೇಬೇಕು.

ಒಂದು ವಿಷಯ ಇಲ್ಲಿ ಗೊತ್ತಾಗುವುದಿಲ್ಲ. ಗೈಡ್ ಹತ್ತಿರ ಈಗ ಜಾಗ ಇದೆಯೇ ಎಂದು ನೀವೇ ಕೇಳಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಪ್ರೊಫೆಸರ್ ಒಮ್ಮೆಗೆ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಜನರನ್ನು ಮಾತ್ರ ತೆಗೆದುಕೊಳ್ಳಬಹುದು. ಕೆಲಸದಲ್ಲಿದ್ದುಕೊಂಡು ಪಾರ್ಟ್ ಟೈಮ್ ಮಾಡುವವರು ಆಫೀಸಿನ ಎನ್‌ಒಸಿ (ಅಭ್ಯಂತರವಿಲ್ಲ ಎಂಬ ಪತ್ರ) ಕೂಡ ಕೊಡಬೇಕು.

ಈಗಿನ ಗೈಡ್‌ಗೆ ಮೊದಲ ಸಲ ಫೋನ್ ಮಾಡಿದಾಗ ಅವರ ಶಿಷ್ಯರೊಬ್ಬರ ನಾಲ್ಕನೇ ಅಧ್ಯಾಯದ ಬಗ್ಗೆ ಒಂದು ಪ್ರಶ್ನೆ ಕೇಳಿದೆ. ಅರ್ಧ ಗಂಟೆ ಮಾತಾಡಿದರು. ಇಡುವ ಮುಂಚೆ, "ಬರುವಾಗ ಒಂದು ಮೂಟೆ ಸಿಪ್ಪೆ ತಗೊಂಡು ಬಾರಮ್ಮ" ಎಂದರು.