ಹಳೆ ಕಾರಿನ ಕೆಟ್ಟ ವೆಲ್ಡ್: ಗ್ರೈಂಡರ್, ಬೆಲ್ಟ್ ಫೈಲ್, ಇಲ್ಲವೇ ಸ್ಪಾಟ್ ವೆಲ್ಡ್ ಡ್ರಿಲ್?

ಅಂಬಾಸಿಡರ್, ಪದ್ಮಿನಿಗಳ ಫೆಂಡರ್ (ಚಕ್ರದ ಮೇಲಿನ ತಗಡು) ಮೇಲೆ ಗಂಟುಗಂಟಾಗಿ ಎದ್ದ ವೆಲ್ಡ್ ತೆಗೆಯಲು ಅಗ್ಗದ ದಾರಿ 4 ಇಂಚಿನ ಗ್ರೈಂಡರ್. 1 ಎಂಎಂ ಕಟಿಂಗ್ ಡಿಸ್ಕಿನ ಅಂಚಿನಿಂದ ಗಂಟಿನ ತಲೆಯನ್ನಷ್ಟೇ ಸವೆಸಿ, ಆಮೇಲೆ 80 ಗ್ರಿಟ್ ಫ್ಲಾಪ್ ಡಿಸ್ಕ್ (ಮರಳುಕಾಗದದ ಪಟ್ಟಿಗಳನ್ನು ಜೋಡಿಸಿದ ಚಕ್ರ) ಹಾಕಿ. ಅಪಾಯವೆಲ್ಲ ಶಾಖದ್ದು: ತಗಡು ನೀಲಿಗೆ ತಿರುಗಿತೆಂದರೆ ಸೊಟ್ಟಗಾಗಲು ಶುರುವಾಗಿದೆ ಎಂದೇ ಲೆಕ್ಕ. ಎರಡು ಮೂರು ಸೆಕೆಂಡ್ ಮುಟ್ಟಿಸಿ, ಜಾಗ ಬದಲಿಸಿ, ಬರಿಗೈ ಇಡುವಷ್ಟು ತಣ್ಣಗಾಗಲು ಬಿಡಿ.

10 ಎಂಎಂ ಬೆಲ್ಟ್ ಫೈಲ್ (ಕಿರಿದಾದ ಮರಳುಪಟ್ಟಿ ತಿರುಗುವ ಯಂತ್ರ) ನಿಧಾನ, ಖರ್ಚೂ ಹೆಚ್ಚು. ಆದರೆ ಪಕ್ಕದ ಒಳ್ಳೆ ತಗಡನ್ನು ಕೆಡಿಸದೆ ಗಂಟನ್ನಷ್ಟೇ ಸವೆಸುತ್ತದೆ. ಮೂಲೆಗಳಿಗೆ, ತೆಳುವಾದ ಜಾಗಕ್ಕೆ ಇದೇ ಸರಿ.

ಸ್ಪಾಟ್ ವೆಲ್ಡಿನಿಂದ (ಚುಕ್ಕೆ ಚುಕ್ಕೆಯಾಗಿ ಹಾಕಿದ ವೆಲ್ಡ್) ಕೂರಿಸಿದ ತೇಪೆಯನ್ನೇ ಕೀಳಬೇಕಿದ್ದರೆ, ಆ ಚುಕ್ಕೆಗಳನ್ನು ಕೊರೆದು ತೆಗೆಯುವ 8 ಎಂಎಂ ಸ್ಪಾಟ್ ವೆಲ್ಡ್ ಡ್ರಿಲ್ ಬೇಕು. ಮೇಲಿನ ಪದರ ಮಾತ್ರ ಕೊರೆಯಿರಿ. ವೆಲ್ಡಿನೊಳಗೆ ಸಣ್ಣ ರಂಧ್ರ, ತುಕ್ಕು ಕಂಡರೆ ಸವೆಸಿ ಪ್ರಯೋಜನವಿಲ್ಲ, ಕತ್ತರಿಸಿ ಹೊಸ ತಗಡು ಕೂರಿಸಿ.