ತೊಂಬತ್ತೆರಡು ಗ್ರಾಂ ಹಕ್ಕಿಗೆ ಒಂದು ಹನಿಗೂ ಕಡಿಮೆ ಮದ್ದು

ಮರಿಯಾಗಿದ್ದಾಗಲೇ ನಮ್ಮ ಜುಟ್ಟಿನ ಪುಟ್ಟ ಗಿಳಿ ಕಾಕಟೀಲ್‌ನ ಕಾಲಿಗೆ ತೊಡಿಸಿದ್ದ ಲೋಹದ ಬಳೆ ಈಚೆಗೆ ಬಿಗಿಯಾಗಿ ಬೆರಳುಗಳು ಊದಿಕೊಂಡಿದ್ದರಿಂದ, ಅದನ್ನು ಕತ್ತರಿಸಿ ತೆಗೆಸಲು ಬೆಂಗಳೂರಿನಲ್ಲಿ ಹಕ್ಕಿಗಳಿಗೆಂದೇ ಸಮಯ ಮೀಸಲಿಟ್ಟಿರುವ ಕ್ಲಿನಿಕ್ಕೊಂದಕ್ಕೆ ಹೋಗಿದ್ದೆವು. ಅದಕ್ಕೂ ಮೊದಲು ಬೇರೊಂದು ಕಡೆ ಮದ್ದಿಲ್ಲದೆ ಟವೆಲಿನಲ್ಲಿ ಸುತ್ತಿ ಎದೆಯನ್ನು ಬಿಗಿಯಾಗಿ ಹಿಡಿದಾಗ ಅದು ಕೊಕ್ಕು ತೆರೆದು ಏದುಸಿರು ಬಿಟ್ಟದ್ದನ್ನು ನೋಡಲಾರದೆ ಅರ್ಧಕ್ಕೇ ಕರೆತಂದಿದ್ದೆ. ಹಕ್ಕಿಗಳಿಗೆ ನಮ್ಮಂತೆ ವಪೆ, ಅಂದರೆ ಎದೆ-ಹೊಟ್ಟೆಗಳ ನಡುವೆ ಉಸಿರಾಟಕ್ಕೆ ನೆರವಾಗುವ ಸ್ನಾಯುಪರದೆ, ಇಲ್ಲ. ಎದೆಮೂಳೆ ಸಲೀಸಾಗಿ ಆಡಿದರೆ ಮಾತ್ರ ಗಾಳಿಚೀಲಗಳಿಗೆ ಉಸಿರು ಹೋಗುತ್ತದೆ ಎಂಬುದನ್ನು ಈ ಕ್ಲಿನಿಕ್ಕಿನ ವೈದ್ಯರು ವಿವರಿಸಿದ ಮೇಲೆಯೇ ಅಂದು ಎಂಥ ಅಪಾಯ ತಪ್ಪಿತೆಂಬುದು ನನಗೆ ಅರಿವಾಯಿತು.

ಮಂಪರು ಮದ್ದು ಎಂದಾಗ ನನಗೆ ಭಯವಾಗಿತ್ತು. ವೈದ್ಯರು ಮೊದಲು ಕುತ್ತಿಗೆಯ ಕೆಳಗಿನ ಆಹಾರಚೀಲವನ್ನು ಬೆರಳಿನಿಂದ ಮುಟ್ಟಿ ಖಾಲಿಯಿದೆಯೇ ಎಂದು ನೋಡಿದರು. ಪುಟ್ಟ ಹಕ್ಕಿಯ ರಕ್ತದ ಸಕ್ಕರೆ ಬೇಗ ಇಳಿಯುವುದರಿಂದ ರಾತ್ರಿಯಿಡೀ ಉಪವಾಸ ಕೆಡವಬಾರದೆಂದೂ ಹೇಳಿದರು. ಗ್ರಾಂ ಲೆಕ್ಕದ ತಕ್ಕಡಿಯಲ್ಲಿ ತೂಕ 92 ಗ್ರಾಂ ಬಂತು. ಅದಕ್ಕೆ ತಕ್ಕಂತೆ ಮಿಡಜೋಲಾಮ್ ಎಂಬ ಮಂಪರು ಮದ್ದನ್ನು ಸಣ್ಣ ಸಿರಿಂಜಿಗೆ ಎಳೆದುಕೊಂಡರು, ಸುಮಾರು 0.04 ಮಿಲಿಲೀಟರ್, ಅಂದರೆ ಒಂದು ಹನಿಗೂ ಕಡಿಮೆ. ಹತ್ತು ಗ್ರಾಂ ತೂಕವನ್ನು ಅಂದಾಜಿನಲ್ಲಿ ತಪ್ಪಿದ್ದರೂ ಮದ್ದಿನ ಪ್ರಮಾಣ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ವ್ಯತ್ಯಾಸವಾಗುತ್ತಿತ್ತು. ಸೂಜಿಯಿಲ್ಲದೆ ಎರಡೂ ಮೂಗಿನ ಹೊಳ್ಳೆಗಳಿಗೆ ಸಮನಾಗಿ ಬಿಟ್ಟರು. ಐದಾರು ನಿಮಿಷದಲ್ಲಿ ಜುಟ್ಟು ಇಳಿಯಿತು, ಕಣ್ಣು ಅರೆಮುಚ್ಚಿತು, ಆದರೂ ಸಹಾಯಕಿಯ ಬೆರಳನ್ನು ಅದು ಹಿಡಿದೇ ಇತ್ತು.

ಬಳೆ ಕತ್ತರಿಸುವಷ್ಟು ಹೊತ್ತೂ ಆ ಸಹಾಯಕಿ ಬೇರೇನೂ ಮಾಡದೆ ಎದೆಮೂಳೆಯ ಏರಿಳಿತವನ್ನೇ ನೋಡುತ್ತ ಉಸಿರು ಎಣಿಸುತ್ತಿದ್ದರು. ಕೊಕ್ಕಿನ ಬಳಿ ಆಮ್ಲಜನಕದ ಮಾಸ್ಕ್ ಇತ್ತು, ಮಂಪರು ಇಳಿಸುವ ಫ್ಲುಮಾಜೆನಿಲ್ ಮೊದಲೇ ಸಿರಿಂಜಿನಲ್ಲಿ ಸಿದ್ಧವಾಗಿತ್ತು. ಅದನ್ನು ಕೊಟ್ಟ ಸ್ವಲ್ಪ ಹೊತ್ತಿಗೆ ಹಕ್ಕಿ ಎದ್ದು ನಿಂತಿತು. ಆದರೆ ಫ್ಲುಮಾಜೆನಿಲ್ ಪ್ರಭಾವ ಮಂಪರು ಮದ್ದಿನದಕ್ಕಿಂತ ಮುಂಚೆ ಮುಗಿದು ಮತ್ತೆ ತೂಕಡಿಕೆ ಬರಬಹುದೆಂದು ಬೆಚ್ಚಗಿನ ಪೆಟ್ಟಿಗೆಯಲ್ಲಿ ಒಂದು ಗಂಟೆ ಇಟ್ಟುಕೊಂಡು, ನವಣೆ ತೆನೆ ಕುಕ್ಕುವುದನ್ನು ಕಣ್ಣಾರೆ ಕಂಡ ಮೇಲೆಯೇ ನಮ್ಮ ಕೈಗೊಪ್ಪಿಸಿದರು. ಈ ತಾಳ್ಮೆಯೊಂದಕ್ಕಾಗಿಯೇ ಹಕ್ಕಿ ಸಾಕಿದವರಿಗೆ ಈ ಕ್ಲಿನಿಕ್ಕನ್ನು ಮನಸಾರೆ ಶಿಫಾರಸು ಮಾಡುತ್ತೇನೆ.

ಒಂದು ಕೊರತೆ ಹೇಳಲೇಬೇಕು. ಮನೆಗೆ ಕೊಟ್ಟ ಚೀಟಿಯಲ್ಲಿ ಯಾವ ಮದ್ದು, ಎಷ್ಟು ಎಂಬುದೇ ಇರಲಿಲ್ಲ. ಮುಂದೆ ಬೇರೆ ವೈದ್ಯರ ಬಳಿ ಹೋಗಬೇಕಾದರೆ ಅವರಿಗೆ ಮೊದಲು ಬೇಕಾಗುವ ಮಾಹಿತಿಯೇ ಅದು. ನಾನು ಕೇಳಿದ ಮೇಲೆ ತೂಕದೊಡನೆ ಬರೆದುಕೊಟ್ಟರು.