ಕಾಲೇಜು ಪಿಚಿಂಗ್ ಕೋಚ್ ನಡೆಸುವ ಶಿಬಿರ: ಒಬ್ಬ ತಾಯಿಯ ವಿಮರ್ಶೆ

ಅಮೆರಿಕದ ಕಾಲೇಜುಗಳ ಸಾಫ್ಟ್‌ಬಾಲ್ (ಬೇಸ್‌ಬಾಲ್‌ನಂಥ ಆಟ) ತಂಡಗಳಲ್ಲಿ ದೀರ್ಘಕಾಲ ಪಿಚಿಂಗ್ (ಬ್ಯಾಟರ್‌ಗೆ ಚೆಂಡೆಸೆಯುವ ಕಲೆ) ಕೋಚ್ ಆಗಿದ್ದ ಮಹಿಳೆಯೊಬ್ಬರು ಬೇಸಿಗೆ ರಜೆಯಲ್ಲಿ ಹೈಸ್ಕೂಲ್ ಹುಡುಗಿಯರಿಗಾಗಿ ನಡೆಸುವ ಶಿಬಿರಕ್ಕೆ ನನ್ನ ಮಗಳನ್ನು ಸೇರಿಸಿದ್ದೆ. ಪಿಚಿಂಗ್ ಕಲಿಯಬೇಕೆಂಬ ಗಂಭೀರ ಆಸೆಯಿರುವ ಎಲ್ಲರಿಗೂ ಇದನ್ನು ಮನಸಾರೆ ಶಿಫಾರಸು ಮಾಡುತ್ತೇನೆ.

ಅವರ ಅನುಭವ ಎದ್ದು ಕಾಣುವುದು ಪಾಠದ ಕ್ರಮದಲ್ಲಿ. ಕಾಲೇಜು ಆಟದಲ್ಲಿ ಪಿಚರ್ ನಿಂತು ಎಸೆಯುವ ಪಿಚಿಂಗ್ ಪ್ಲೇಟ್‌ನಿಂದ ಬ್ಯಾಟರ್ ಬಳಿಯ ಹೋಮ್ ಪ್ಲೇಟ್‌ಗೆ ಕೇವಲ 43 ಅಡಿ ದೂರವಿರುವುದರಿಂದ ವೇಗಕ್ಕೆ ಬೆಲೆಯಿದೆ, ಆದರೆ ಒಂದೇ ವೇಗದಲ್ಲಿ ಬರುವ ಚೆಂಡನ್ನು ಒಳ್ಳೆಯ ಬ್ಯಾಟರ್‌ಗಳು ಬೇಗನೆ ಅಂದಾಜು ಮಾಡಿಬಿಡುತ್ತಾರೆ ಎಂದು ವಿವರಿಸುವ ಅವರು, ತೋಳಿನ ಚಲನೆಯನ್ನು ಬದಲಿಸದೆಯೇ ನಿಧಾನವಾಗಿ ಎಸೆಯುವ ಚೇಂಜ್‌ಅಪ್‌ನಿಂದ ಪಾಠ ಆರಂಭಿಸುತ್ತಾರೆ. ಬ್ಯಾಟರ್ ಬಳಿ ಬರುತ್ತಲೇ ಕೆಳಗಿಳಿಯುವ ಡ್ರಾಪ್‌ಬಾಲ್ ಅದರ ನಂತರ. ಮೇಲೇರುವಂತೆ ಕಾಣುವ ರೈಸ್‌ಬಾಲ್ ಎಲ್ಲಕ್ಕಿಂತ ಕೊನೆಗೆ, ಏಕೆಂದರೆ ಚೆಂಡಿಗೆ ಬೇಕಾದ ಹಿಮ್ಮುಖ ತಿರುಗುವಿಕೆಯನ್ನು ಕೊಡಲು ಬೆರಳು ಮತ್ತು ಮಣಿಕಟ್ಟು ಬಹಳ ಪಳಗಿರಬೇಕು. ಪ್ರತಿ ಹುಡುಗಿಯ ಎಸೆತವನ್ನೂ ವಿಡಿಯೊದಲ್ಲಿ ನಿಧಾನಗೊಳಿಸಿ ತೋರಿಸಿ, ಎಸೆಯುವಾಗ ಸೊಂಟ ಬ್ಯಾಟರ್‌ನತ್ತ ತಿರುಗಿ ‘ಮುಚ್ಚುವ’ ಕ್ಷಣವನ್ನು ತಾಳ್ಮೆಯಿಂದ ತಿದ್ದಿದ್ದು ನನಗೆ ಅತ್ಯಂತ ಮೆಚ್ಚುಗೆಯಾಯಿತು.

ಕೋಚಿಂಗ್ ವೃತ್ತಿಯ ಬಗ್ಗೆಯೂ ಅವರು ಮುಚ್ಚುಮರೆಯಿಲ್ಲದೆ ಮಾತನಾಡಿದರು. ಅಮೆರಿಕದ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ 2023ರಲ್ಲಿ ಕೈಬಿಟ್ಟ, ವೇತನವೇ ಇಲ್ಲದ ‘ಸ್ವಯಂಸೇವಕ ಕೋಚ್’ ಹುದ್ದೆಯಿಂದಲೇ ಅವರು ಆರಂಭಿಸಿದ್ದರಂತೆ. ಇಷ್ಟು ಕೌಶಲ ಬೇಡುವ ಕೆಲಸಕ್ಕೆ ಅಂಥ ವ್ಯವಸ್ಥೆ ಅನ್ಯಾಯವೇ ಆಗಿತ್ತು ಎಂಬುದು ನನ್ನ ಅಭಿಪ್ರಾಯ. ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದ ಪಿಚರ್ ಲೀಸಾ ಫರ್ನಾಂಡಿಸ್ ಮುಂದೆ ಯುಸಿಎಲ್‌ಎ (ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ತಂಡದ ಕೋಚ್ ಆದ ಉದಾಹರಣೆ ಹುಡುಗಿಯರಲ್ಲಿ ಹುರುಪು ತುಂಬಿತು.

ಒಂದು ಕೊರತೆಯಿದೆ: ಪ್ರತಿ ಪಿಚರ್ ತನ್ನ ಎಸೆತ ಹಿಡಿಯುವ ಕ್ಯಾಚರ್‌ಳನ್ನು ತಾನೇ ಕರೆತರಬೇಕೆಂಬುದನ್ನು ನೋಂದಣಿಯ ವೇಳೆಯಲ್ಲೇ ತಿಳಿಸಬೇಕಿತ್ತು.